ಅಪ್ಪನ ಎಕೋದಲ್ಲಿ ರಕ್ತನಾಳ ಹಿಗ್ಗಿದೆ ಅಂತ ಬಂದಿದೆ, ವಯಸ್ಸಿಗಾ ಬಿಪಿಗಾ?

ತುಮಕೂರಿನ ಮಗಳು
ಅಪ್ಪನಿಗೆ 72. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತೆ ಅಂತ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಿದೆವು. ಪಂಪಿಂಗ್ ಚೆನ್ನಾಗಿದೆ. ಆದರೆ ಅಯೋರ್ಟಾ, ಅಂದರೆ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ, 39 ಮಿ.ಮೀ. ಇದೆ, ಸ್ವಲ್ಪ ಹಿಗ್ಗಿದೆ ಅಂತ ಬರೆದಿದ್ದಾರೆ. ವಯಸ್ಸಾದರೆ ರಕ್ತನಾಳ ಕಿರಿದಾಗುತ್ತೆ ಅಂತಲೇ ನಾನು ತಿಳಿದಿದ್ದೆ, ಇದು ಹಿಗ್ಗಿದ್ದು ಹೇಗೆ? ಬಿಪಿ 158/72. ಕೆಳಗಿನದು ಸರಿಯಾಗಿದೆಯಲ್ಲ ಅಂತ ಅಪ್ಪ ಮಾತ್ರೆ ಬಿಟ್ಟಿದ್ದಾರೆ.

ನಿವೃತ್ತ ಎಕೋ ಟೆಕ್ನಿಷಿಯನ್
ಮೊದಲು ಆ ಮಾತ್ರೆ ವಿಷಯ. ದಯವಿಟ್ಟು ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ.

ದೊಡ್ಡ ನಾಳಕ್ಕೂ ಸಣ್ಣ ನಾಳಕ್ಕೂ ಆಗುವುದು ಬೇರೆ ಬೇರೆ. ಹೃದಯ ದಿನಕ್ಕೆ ಸುಮಾರು 1 ಲಕ್ಷ ಸಲ ಬಡಿಯುತ್ತೆ, ಪ್ರತಿ ಬಡಿತಕ್ಕೂ ಅಯೋರ್ಟಾ ಹಿಗ್ಗಿ ಕುಗ್ಗುತ್ತೆ, 70 ವರ್ಷಕ್ಕೆ 250 ಕೋಟಿ ಸಲ ಆಯ್ತು. ಅದರ ಗೋಡೆಯಲ್ಲಿರುವ ಎಲಾಸ್ಟಿನ್ ಅನ್ನುವ ರಬ್ಬರಿನಂಥ ಎಳೆಗಳನ್ನು ದೇಹ ದೊಡ್ಡವರಾದ ಮೇಲೆ ಹೊಸದಾಗಿ ಮಾಡುವುದು ತೀರಾ ಕಡಿಮೆ. ಅವು ತುಂಡಾದಾಗ ಕೊಲಾಜೆನ್ ಅನ್ನುವ ಗಡುಸಾದ ಎಳೆಗಳ ಮೇಲೆ ಭಾರ ಬೀಳುತ್ತೆ. ಹಳೇ ರಬ್ಬರ್ ಬ್ಯಾಂಡ್ ನೋಡಿ, ಜೋಲೂ ಬಿದ್ದಿರುತ್ತೆ, ಗಡುಸೂ ಆಗಿರುತ್ತೆ. ಹತ್ತು ವರ್ಷಕ್ಕೆ ಹೆಚ್ಚುಕಡಿಮೆ 1 ಮಿ.ಮೀ. ಅಗಲವಾಗುವುದು ಸಾಮಾನ್ಯ.

ಗಡುಸಾದ ನಾಳ ಬಡಿತದ ಹೊಡೆತವನ್ನು ತಡೆದುಕೊಳ್ಳಲ್ಲ, ಮೇಲಿನ ಬಿಪಿ ಏರುತ್ತೆ. ಆಮೇಲೆ ಮೊದಲಿನಂತೆ ಕುಗ್ಗಿ ರಕ್ತವನ್ನು ಮುಂದೆ ತಳ್ಳಲ್ಲ, ಕೆಳಗಿನದು ಇಳಿಯುತ್ತೆ. ನಡುವಿನ ಅಂತರ 40ರ ಆಸುಪಾಸು ಇರಬೇಕು, ನಿಮ್ಮ ತಂದೆಗೆ 86. ಹಾಗಾಗಿ 72 ನೋಡಿ ಸಮಾಧಾನ ಪಡುವ ಹಾಗಿಲ್ಲ.

ಓದುವ ಹವ್ಯಾಸಿ
ಒಂದು ಮಾತು ಸೇರಿಸ್ತೀನಿ. ಬಿಪಿ ಜಾಸ್ತಿ ಆದಷ್ಟೂ ಅಯೋರ್ಟಾ ಹಿಗ್ಗುತ್ತೆ ಅನ್ನೋದು ಅಷ್ಟು ಸರಳ ಅಲ್ಲ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನಲ್ಲಿ 1948ರಿಂದ ನಡೀತಿರೋ ಅಧ್ಯಯನದಲ್ಲಿ, ಕೆಳಗಿನ ಬಿಪಿ ಹೆಚ್ಚಿದ್ದವರಿಗೆ ಅಯೋರ್ಟಾದ ಬುಡ ಅಗಲವಾಗಿತ್ತು, ಅಂತರ ಹೆಚ್ಚಿದ್ದವರಿಗೆ ಉಲ್ಟಾ, ಚಿಕ್ಕದಾಗಿತ್ತು. ಎತ್ತರ ತೂಕವೂ ಲೆಕ್ಕಕ್ಕೆ ಬರುತ್ತೆ. ಕಿಡ್ನಿ, ಮೆದುಳಿನ ಸಣ್ಣ ನಾಳಗಳು ಮಾತ್ರ ಬಿಪಿಗೆ ಗೋಡೆ ದಪ್ಪ ಮಾಡಿಕೊಂಡು ಒಳಗೆ ಕಿರಿದಾಗುತ್ತವೆ. ನಾಳ ಕಿರಿದಾಗುತ್ತೆ ಅಂತ ನೀವು ತಿಳಿದಿದ್ದು ಇದನ್ನೇ ಇರಬೇಕು.

ಹಾಸನದ ಸೊಸೆ
ನಮ್ಮ ಮಾವ ಬೀಡಿ ಸೇದುತ್ತಿದ್ದರು. ಹೊಟ್ಟೆ ಸ್ಕ್ಯಾನ್‌ನಲ್ಲಿ ಅಲ್ಲಿನ ಅಯೋರ್ಟಾ 3.4 ಸೆಂ.ಮೀ. ಅಂತ ಬಂತು, ಹೊಟ್ಟೆಯ ಅಯೋರ್ಟಾ 3 ದಾಟಿದರೆ ಉಬ್ಬು ಅಂತಾರೆ. ಗಂಡಸರಿಗೆ ಸಾಮಾನ್ಯವಾಗಿ 5.5 ಆದಾಗ ಆಪರೇಷನ್ ಮಾತು, ಅಲ್ಲಿವರೆಗೆ ಅಳೆಯುತ್ತಾ ಇರಬೇಕು. ಹಳೇ ರಿಪೋರ್ಟ್ ಎಸೆಯಬೇಡಿ, ಎಷ್ಟು ಬೇಗ ಬೆಳೀತಿದೆ ಅನ್ನೋದೂ ಮುಖ್ಯ. ಎದೆಯಲ್ಲೋ ಬೆನ್ನಲ್ಲೋ ಸೀಳಿದ ಹಾಗೆ ದಿಢೀರ್ ನೋವು ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ತುಮಕೂರಿನ ಮಗಳು
ಎಲ್ಲರಿಗೂ ಧನ್ಯವಾದ. 86 ಅನ್ನೋ ಲೆಕ್ಕ ತೋರಿಸಿದ ಮೇಲೆ ಅಪ್ಪ ಡಾಕ್ಟರ ಹತ್ತಿರ ಬರೋಕೆ ಒಪ್ಪಿದ್ದಾರೆ. ಮಾತ್ರೆ ತಗೊಂಡರೆ ಎದ್ದು ನಿಂತಾಗ ತಲೆ ಸುತ್ತುತ್ತೆ ಅಂತಿದ್ದರು, ಅದಕ್ಕೇ ಬಿಟ್ಟಿದ್ದಂತೆ. ಕೂತು ಒಮ್ಮೆ, ನಿಂತು ಒಮ್ಮೆ ಬಿಪಿ ನೋಡಿ ಬರೆದುಕೊಂಡು ಹೋಗ್ತೀನಿ.