‘ಕಾನೂನುಬದ್ಧ’, ‘ಸಕ್ರಮ’, ‘ಅಪರಾಧಮುಕ್ತ’: ಗಾಂಜಾ ಚರ್ಚೆಯಲ್ಲಿ ಯಾವ ಪದ ಎಲ್ಲಿ ಸಲ್ಲುತ್ತದೆ?

ಕಳೆದ ತಿಂಗಳು ಬೆಳಗಾವಿಯ ಕಾಲೇಜೊಂದರ ಚರ್ಚಾಸ್ಪರ್ಧೆಗೆ ತೀರ್ಪುಗಾರನಾಗಿ ಹೋಗಿದ್ದೆ. ‘ಗಾಂಜಾ ಕಾನೂನುಬದ್ಧವಾಗಬೇಕೆ?’ ಎಂಬುದು ವಿಷಯ. ಪರವಾಗಿ ಮಾತನಾಡಿದ ವಿದ್ಯಾರ್ಥಿನಿಯು ಪೋರ್ಚುಗಲ್ ದೇಶ 2001ರಲ್ಲಿ ಎಲ್ಲ ಮಾದಕ ವಸ್ತುಗಳನ್ನೂ ಕಾನೂನುಬದ್ಧಗೊಳಿಸಿತೆಂದಳು. ಎದುರಾಳಿಯು ಹಾಗಾದರೆ ಅಲ್ಲಿ ಹೆರಾಯಿನ್ ಕಿರಾಣಿ ಅಂಗಡಿಯಲ್ಲಿ ಸಿಗುತ್ತದೆಯೇ ಎಂದು ಕೇಳಿ ಚಪ್ಪಾಳೆ ಗಿಟ್ಟಿಸಿದ. ಇಬ್ಬರೂ ಓದಿಕೊಂಡೇ ಬಂದಿದ್ದರು, ಆದರೆ ಇಬ್ಬರೂ ಪದದಲ್ಲಿ ಎಡವಿದರು. ಅಂದಿನಿಂದ ಈ ಪದದ ಬಗ್ಗೆ ಬಲ್ಲವರನ್ನು ಕೇಳಬೇಕೆಂದುಕೊಂಡಿದ್ದೆ.

ಪೋರ್ಚುಗಲ್‌ನಲ್ಲಿ ಆದದ್ದು ಇಷ್ಟು: ಹತ್ತು ದಿನದ ಸ್ವಂತ ಬಳಕೆಗೆ ಸಾಕಾಗುವಷ್ಟು ವಸ್ತುವನ್ನು ಇಟ್ಟುಕೊಂಡು ಸಿಕ್ಕಿಬಿದ್ದವನ ಮೇಲೆ ಈಗ ಕ್ರಿಮಿನಲ್ ಮೊಕದ್ದಮೆ ಇಲ್ಲ. ಅವನನ್ನು ಕಾನೂನು, ಆರೋಗ್ಯ, ಸಮಾಜಸೇವೆಗಳ ಹಿನ್ನೆಲೆಯುಳ್ಳ ಮೂವರ ಸಮಿತಿಯ ಮುಂದೆ ಕಳಿಸುತ್ತಾರೆ. ಸಮಿತಿಯು ಚಿಕಿತ್ಸೆಗೆ ಒಪ್ಪಿಸಬಹುದು, ದಂಡವನ್ನೂ ಹಾಕಬಹುದು. ವಸ್ತು ನಿಷಿದ್ಧವಾಗಿಯೇ ಉಳಿದಿದೆ, ಮಾರಿದವನಿಗೆ ಜೈಲು ತಪ್ಪಿಲ್ಲ. ಇದನ್ನು ಇಂಗ್ಲಿಷಿನಲ್ಲಿ ಡಿಕ್ರಿಮಿನಲೈಸೇಶನ್ ಎನ್ನುತ್ತಾರೆ. ಉರುಗ್ವೆ 2013ರಲ್ಲಿ, ಕೆನಡಾ 2018ರ ಅಕ್ಟೋಬರ್ 17ರಿಂದ ಗಾಂಜಾಕ್ಕೆ ಮಾಡಿದ್ದು ಬೇರೆ: ಬೆಳೆಗೆ, ಮಾರಾಟಕ್ಕೆ, ಕೊಳ್ಳುವವರ ವಯಸ್ಸಿಗೆ ನಿಯಮ ಹಾಕಿ ಪೇಟೆಯನ್ನೇ ಸರ್ಕಾರದ ಹಿಡಿತಕ್ಕೆ ತಂದುಕೊಂಡದ್ದು. ಅದು ಲೀಗಲೈಸೇಶನ್. ನಮ್ಮ ಪತ್ರಿಕೆಗಳಲ್ಲಿ ಈ ಎರಡಕ್ಕೂ ಬಹುಮಟ್ಟಿಗೆ ‘ಕಾನೂನುಬದ್ಧ’ ಎಂಬ ಒಂದೇ ಮಾತು ಸಲ್ಲುತ್ತಿದೆ.

ಗಣ್ಯರ ಹೇಳಿಕೆಗಳನ್ನು ಕನ್ನಡಕ್ಕೆ ತರುವಾಗ ಇದರ ತೊಡಕು ಚೆನ್ನಾಗಿ ಕಾಣುತ್ತದೆ. 2017ರಲ್ಲಿ ಕೇಂದ್ರ ಸಚಿವೆಯಾಗಿದ್ದ ಮೇನಕಾ ಗಾಂಧಿಯವರು ಕೇಳಿದ್ದು ಗಾಂಜಾದ ವೈದ್ಯಕೀಯ ಬಳಕೆಗೆ ಅವಕಾಶವನ್ನು. ಪಟಿಯಾಲದ ಸಂಸದ, ಸ್ವತಃ ವೈದ್ಯರಾದ ಧರ್ಮವೀರ ಗಾಂಧಿಯವರು 2016ರಲ್ಲಿ ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಯ ತಿದ್ದುಪಡಿಗೆ ಖಾಸಗಿ ಮಸೂದೆ ತಂದದ್ದು ಅಫೀಮು, ಗಾಂಜಾಗಳಂಥ ಸಾಂಪ್ರದಾಯಿಕ ವಸ್ತುಗಳು ನಿಯಂತ್ರಣದಡಿಯಲ್ಲಿ ಸಿಗುವಂತಾಗಲೆಂದು. ಶಶಿ ತರೂರ್ ಅವರು 2018ರ ಲೇಖನದಲ್ಲಿ ಪ್ರತಿಪಾದಿಸಿದ್ದು ಲೀಗಲೈಸೇಶನ್ನನ್ನೇ. ವಿಶ್ವಸಂಸ್ಥೆಯ ಮಾಜಿ ಮಹಾಕಾರ್ಯದರ್ಶಿ ಕೋಫಿ ಅನ್ನಾನ್ ಹಾಗೂ ಲ್ಯಾಟಿನ್ ಅಮೆರಿಕದ ಮಾಜಿ ಅಧ್ಯಕ್ಷರಿದ್ದ ಜಾಗತಿಕ ಮಾದಕ ನೀತಿ ಆಯೋಗವು 2011ರ ವರದಿಯಲ್ಲಿ ಎರಡನ್ನೂ ಬೇರೆಬೇರೆಯಾಗಿಯೇ ಹೇಳಿತು: ಇತರರಿಗೆ ಕೇಡು ಮಾಡದ ಬಳಕೆದಾರರನ್ನು ಅಪರಾಧಿಗಳೆಂದು ಕಾಣುವುದನ್ನು ಬಿಡಿ ಎಂಬುದು ಒಂದು, ಕಾನೂನಿನ ನಿಯಂತ್ರಣದಡಿಯ ಮಾರಾಟವನ್ನು ಸರ್ಕಾರಗಳು ಪ್ರಯೋಗಿಸಿ ನೋಡಲಿ ಎಂಬುದು ಇನ್ನೊಂದು. ಈ ಎಲ್ಲರನ್ನೂ ‘ಗಾಂಜಾ ಕಾನೂನುಬದ್ಧಗೊಳಿಸಿ ಎಂದವರು’ ಎಂಬ ಒಂದೇ ಪಂಕ್ತಿಯಲ್ಲಿ ಕೂರಿಸಿದರೆ ಔಷಧ ಕೇಳಿದವರ ಎಲೆಗೂ ನಶೆಯನ್ನೇ ಬಡಿಸಿದಂತಾಗುತ್ತದೆ.

‘ಬದ್ಧ’ ಎಂದರೆ ಕಟ್ಟಲ್ಪಟ್ಟದ್ದು. ಆ ಲೆಕ್ಕದಲ್ಲಿ ಕೆನಡಾದ ಏರ್ಪಾಡಿಗೆ ‘ಕಾನೂನುಬದ್ಧ’ ಸರಿಯಾದ ಪದವೇ, ಕಾನೂನು ಅಲ್ಲಿ ಗಾಂಜಾವನ್ನು ನೂರೆಂಟು ಕಡೆ ಕಟ್ಟಿದೆ. ವಿಚಿತ್ರವೆಂದರೆ ಕೇಳುಗರ ಕಿವಿಗೆ ಅದು ತಿರುಗುಮುರುಗಾಗಿ ಬೀಳುತ್ತದೆ. ನಮ್ಮ ಓಣಿಯಲ್ಲಿ ಈ ಸುದ್ದಿಯನ್ನು ‘ಗಾಂಜಾ ಖುಲ್ಲಾ ಮಾಡ್ತಾರಂತ’ ಎಂದೇ ಆಡಿಕೊಂಡರು. ಕಟ್ಟುವುದಕ್ಕೆ ಇಟ್ಟ ಹೆಸರು ಬಿಚ್ಚುವುದೆಂದು ಅರ್ಥವಾಯಿತು.

‘ಸಕ್ರಮ’ ಎಂದು ಬರೆಯುವವರೂ ಇದ್ದಾರೆ. ಅಕ್ರಮ-ಸಕ್ರಮ, ಬಗರ್‌ಹುಕುಂ ಸಾಗುವಳಿ ಸಕ್ರಮ ಎಂಬಲ್ಲಿ ಈ ಪದಕ್ಕೆ ಗಟ್ಟಿಯಾದ ಅರ್ಥವಿದೆ: ಈಗಾಗಲೇ ನಡೆದುಹೋದ ತಪ್ಪನ್ನು ಶುಲ್ಕ ಕಟ್ಟಿಸಿಕೊಂಡು ಒಪ್ಪಿಕೊಳ್ಳುವುದು. ‘ಗಾಂಜಾ ಸಕ್ರಮ’ ಎಂದಾಗ ಹಿಂದೆ ಬೆಳೆದದ್ದಕ್ಕೆ ಹಕ್ಕುಪತ್ರ ಕೊಟ್ಟಂತೆ ಕೇಳಿಸುತ್ತದೆ. ‘ಸಜೆ ಮಾಫಿ’ಯೂ ಹೊಂದದು, ಅದು ಶಿಕ್ಷೆ ಆಗಿಹೋದವನಿಗೆ ಸಿಗುವ ರಿಯಾಯಿತಿ.

ಡಿಕ್ರಿಮಿನಲೈಸೇಶನ್ನಿಗೆ ಈಚೆಗೆ ಬಳಕೆಗೆ ಬರುತ್ತಿರುವ ‘ಅಪರಾಧಮುಕ್ತ’ದ ಬಗ್ಗೆ ನನಗೆ ಹೆಚ್ಚಿನ ಆಕ್ಷೇಪವಿದೆ. ‘ಮುಕ್ತ’ಕ್ಕೆ ಕನ್ನಡದಲ್ಲಿ ಎರಡು ಮುಖಗಳಿವೆ. ಮುಕ್ತ ಮಾರುಕಟ್ಟೆ ಎಂದರೆ ತೆರೆದ ಮಾರುಕಟ್ಟೆ; ಹೊಗೆಮುಕ್ತ ಅಡಿಗೆಮನೆ ಎಂದರೆ ಹೊಗೆಯೇ ಇಲ್ಲದ ಅಡಿಗೆಮನೆ. ಪೊಲೀಸರ ಫಲಕದಲ್ಲಿ ‘ಅಪರಾಧಮುಕ್ತ ನಗರ’ ಎಂದಿದ್ದರೆ ಅಪರಾಧ ನಡೆಯದ ನಗರವೆಂದು ಓದಿಕೊಳ್ಳುತ್ತೇವೆ. ‘ಅಪರಾಧಮುಕ್ತ ಸೇವನೆ’ ಎಂಬುದನ್ನು ಹೇಗೆ ಓದಿಕೊಳ್ಳಬೇಕು? ಇನ್ನು ‘ಗಾಂಜಾಮುಕ್ತ ಬೆಳಗಾವಿ’ ಎಂದು ಬರೆದರೆ ಅದು ಅಬಕಾರಿ ಇಲಾಖೆಯ ಘೋಷಣೆಯೂ ಆಗಬಹುದು, ಅದರ ವಿರೋಧಿಗಳದೂ ಆಗಬಹುದು.

ಇದಕ್ಕೊಂದು ಹಳೆಯ ದಾರಿ ನಮ್ಮಲ್ಲೇ ಇದೆ. 2018ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಭಾರತೀಯ ದಂಡಸಂಹಿತೆಯ 497ನೆಯ ಕಲಮನ್ನು ತೆಗೆದುಹಾಕಿದ ಮೇಲೆ ವ್ಯಭಿಚಾರವು ವಿಚ್ಛೇದನಕ್ಕೆ ಕಾರಣವಾಗಿ ಉಳಿಯಿತು, ಅಪರಾಧವಾಗಿ ಉಳಿಯಲಿಲ್ಲ. ಅದನ್ನು ‘ವ್ಯಭಿಚಾರ ಅಪರಾಧವಲ್ಲ’ ಎಂದರೆ ಸಾಕು, ಅರ್ಥ ನೆಟ್ಟಗಿರುತ್ತದೆ. ‘ಕಾನೂನುಬದ್ಧ ವ್ಯಭಿಚಾರ’ ಎಂದು ಬರೆಯಲು ಯಾರಿಗೂ ಕೈ ಬಾರದು. ಆದ್ದರಿಂದ ‘ಸೇವನೆಯನ್ನು ಅಪರಾಧದಿಂದ ಕೈಬಿಡುವುದು’, ‘ಪರವಾನಗಿಯಡಿ ಮಾರಾಟಕ್ಕೆ ಬಿಡುವುದು’, ‘ಔಷಧಕ್ಕಾಗಿ ಅನುಮತಿಸುವುದು’ ಎಂದು ಮೂರನ್ನೂ ಕ್ರಿಯಾಪದದಲ್ಲಿ ಹೇಳಿಬಿಡುವುದೇ ಮೇಲೆಂದು ನನ್ನ ಒಲವು. ಸದ್ಯದ ಎನ್‌ಡಿಪಿಎಸ್ ಕಾಯ್ದೆಯ 27ನೆಯ ಕಲಮಿನಂತೆ ಗಾಂಜಾ ಸೇವನೆಗೆ ಆರು ತಿಂಗಳವರೆಗೆ ಜೈಲು, ಹತ್ತು ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ ಇರುವುದರಿಂದ ‘ಕೈಬಿಡುವುದು’ ಯಾವುದನ್ನು ಎಂಬ ಸಂದೇಹಕ್ಕೆ ಎಡೆಯಿಲ್ಲ.

ಇನ್ನೊಂದು ಪದ ನಮ್ಮ ಗಡಿಭಾಗದ್ದು, ಅದನ್ನು ಕೇಳದೆ ಮುಗಿಸಲಾರೆ. ಇಲ್ಲಿ ಮಾದಕ ವಸ್ತುವಿಗೆ ‘ಅಮಲು ಪದಾರ್ಥ’ ಎನ್ನುತ್ತೇವೆ, ಮರಾಠಿಯಲ್ಲೂ ‘ಅಂಮಲೀ ಪದಾರ್ಥ’. ಕಾನೂನು ಜಾರಿಗೆ ಬಂದರೆ ‘ಅಮಲಿಗೆ ಬಂತು’, ಜಾರಿಗೊಳಿಸುವುದು ‘ಅಂಮಲಬಜಾವಣಿ’. ವಿಜಯಪುರದ ಕಡೆಯವರು ‘ಆದಿಲಶಾಹಿ ಅಮಲಿನಾಗ’ ಎಂದರೆ ಆ ಅರಸರ ಆಳ್ವಿಕೆಯಲ್ಲಿ ಎಂದರ್ಥ. ಅರಬ್ಬಿಯ ‘ಅಮಲ್’ ಎಂದರೆ ಕೆಲಸ, ನಡೆ. ಅದರಿಂದ ಆಡಳಿತವೂ ಹುಟ್ಟಿತು, ನಶೆಯೂ ಹುಟ್ಟಿತು. ಧರ್ಮವೀರ ಗಾಂಧಿಯವರ ಪಂಜಾಬಿನಲ್ಲಿ ವ್ಯಸನಿಗೆ ‘ಅಮಲಿ’ ಎಂದೇ ಹೆಸರು. ಹೀಗಾಗಿ ‘ಅಮಲು ಪದಾರ್ಥ ಕಾಯ್ದೆಯ ಅಮಲು’ ಎಂದು ಬೆಳಗಾವಿಯಲ್ಲಿ ನಗದೆ ಬರೆಯಬಹುದು, ಬೆಂಗಳೂರಿನಲ್ಲಿ ಬರೆದರೆ ಕರಡು ತಿದ್ದುವವರು ಒಂದನ್ನು ಹೊಡೆದುಹಾಕಿಯಾರು.

ನನ್ನ ಪ್ರಶ್ನೆಗಳು ಎರಡು. ಮೇಲಿನ ಮೂರು ಕ್ರಿಯಾಪದಗಳು ವಾಕ್ಯದೊಳಗೆ ಹೊಂದಿಕೊಂಡರೂ ತಲೆಬರಹಕ್ಕೆ ಉದ್ದವಾಗುತ್ತವೆ. ಡಿಕ್ರಿಮಿನಲೈಸೇಶನ್ನಿಗೆ ‘ನಿರಪರಾಧೀಕರಣ’ದಷ್ಟು ನಾಲಿಗೆ ತಡವರಿಸದ, ‘ಮುಕ್ತ’ವನ್ನು ಅವಲಂಬಿಸದ ಒಂದು ನಾಮಪದವನ್ನು ವಕೀಲರಾಗಲಿ ಪತ್ರಕರ್ತರಾಗಲಿ ಬಳಸಿ ನೋಡಿದ್ದಾರೆಯೇ? ಹಾಗೆಯೇ, ಹಳೆಯ ಮೈಸೂರಿನ ಕಡೆ ‘ಭಂಗಿ ಸೊಪ್ಪು’ ಎಂದರೆ ಗಾಂಜಾವೇ ಎಂದು ಕೇಳಿದ್ದೇನೆ, ಆದರೆ 1985ರ ಕಾಯ್ದೆಯ ವ್ಯಾಖ್ಯೆಯಲ್ಲಿ ಹೂಕಾಯಿಗಳ ತುದಿ ಮಾತ್ರ ಗಾಂಜಾ, ಬರಿಯ ಎಲೆ ಅದರೊಳಗೆ ಬರುವುದಿಲ್ಲ. ಹೀಗಿರುವಾಗ ಭಂಗಿ ಎಂಬ ಪದ ನಿಮ್ಮ ನಿಮ್ಮ ಊರುಗಳಲ್ಲಿ ಎಲೆಗೆ ಸಲ್ಲುತ್ತದೆಯೋ, ಹೂವಿಗೋ, ಎರಡಕ್ಕೂ ಸಲ್ಲುತ್ತದೆಯೋ?