ಡ್ರೈಡಾಕ್ ಡಯೋರಾಮಾ: ಬೋಟ್ ಕೀಲ್ ಬ್ಲಾಕ್ ಮೇಲೆ ಕೂರ್ತಾನೇ ಇಲ್ಲ

ಸಂದುಗೊಂದಿ
ಹಡಗು ರಿಪೇರಿಗೆ ನೀರು ಖಾಲಿ ಮಾಡೋ ಕಟ್ಟೆ, ಅಂದ್ರೆ ಡ್ರೈಡಾಕ್, ಅದರೊಳಗೆ ನಿಂತಿರೋ 1/144 ಅಳತೆಯ ಟೈಪ್ 7ಸಿ ಯು-ಬೋಟ್ (ಜರ್ಮನ್ ಜಲಾಂತರ್ಗಾಮಿ) ಮಾದರಿ ಮಾಡ್ತಿದ್ದೀನಿ. ಡಾಕ್ ತಳ, ಮೆಟ್ಟಿಲು ಗೋಡೆ, ಬಣ್ಣ ಎಲ್ಲಾ ಮುಗೀತು. ಈಗ ಬೋಟ್ ಇಟ್ಟರೆ ಅದನ್ನ ಹೊರೋ ಸಾಲಿನಲ್ಲಿ ಎರಡು ತುದಿಯ ಬ್ಲಾಕ್‌ಗಳಷ್ಟೇ ಕೀಲ್‌ಗೆ (ಬೋಟ್ ಅಡಿಯ ಬೆನ್ನೆಲುಬು) ತಾಗ್ತಿವೆ, ನಡುವಿನವೆಲ್ಲ ಖಾಲಿ. ಬ್ಲಾಕ್‌ಗಳನ್ನ ಒಂದೇ ಜಿಗ್‌ನಲ್ಲಿ (ಅಳತೆ ಹಿಡಿಯೋ ಚೌಕಟ್ಟು) 8.3 ಮಿಮೀ ಎತ್ತರಕ್ಕೆ ಕತ್ತರಿಸಿದ್ದು, ಅದರಲ್ಲಿ ತಪ್ಪಿಲ್ಲ, ದಯವಿಟ್ಟು ಅದನ್ನೇ ಕೇಳಬೇಡಿ. ಪ್ಲಾಸ್ಟರ್ ತಳ ಬಾಗಿದೆ. ಗೋಡೆ ಕೀಳದೆ ಸರಿ ಮಾಡೋ ದಾರಿ ಇದ್ರೆ ಹೇಳಿ.

ಪಿಒಪಿ ಪಂಡಿತ
ಪಿಒಪಿಗೆ (ಪ್ಲಾಸ್ಟರ್ ಆಫ್ ಪ್ಯಾರಿಸ್) ನೀರು ಜಾಸ್ತಿ ಆಗಿದೆ, ಅಷ್ಟೇ. 100 ಗ್ರಾಂ ಪುಡಿಗೆ 60ರಿಂದ 70 ಮಿಲಿ ನೀರು. ನೀರಿಗೆ ಪುಡಿ ಉದುರಿಸಬೇಕು, ಪುಡಿಗೆ ನೀರು ಸುರಿಯೋದಲ್ಲ. ಎರಡು ನಿಮಿಷ ನೆನೆಯೋಕೆ ಬಿಟ್ಟು ನಿಧಾನ ಕಲಸಿ. ಜೋರಾಗಿ ತಿರುವಿದ್ರೆ ಗುಳ್ಳೆ ಏಳುತ್ತೆ, ಬೇಗ ಗಟ್ಟಿಯಾಗುತ್ತೆ. ತಳ ಕಿತ್ತು ಮತ್ತೆ ಹಾಕಿ.

ಮಿಲಿಮೀಟರ್
ಪಂಡಿತರೇ, ನೀರು ಜಾಸ್ತಿ ಆದ್ರೆ ಪಿಒಪಿ ಮೆತ್ತಗಾಗುತ್ತೆ, ಪುಡಿ ಉದುರುತ್ತೆ. ಬಾಗೋದಕ್ಕೆ ಅದು ಕಾರಣ ಅಲ್ಲ. ಪಿಒಪಿ ಗಟ್ಟಿಯಾಗುವಾಗ ಕುಗ್ಗಲ್ಲ, ಕೂದಲೆಳೆಯಷ್ಟು ಹಿಗ್ಗುತ್ತೆ. ಇಲ್ಲಿ ತುದಿಗಳು ಮೇಲೆದ್ದಿದ್ರೆ ಮೇಲ್ಪದರ ಕುಗ್ಗಿ ಎಳೆದಿದೆ ಅಂತ ಅರ್ಥ.
ಸಂದುಗೊಂದಿಯವರೇ, ಇಷ್ಟು ಹೇಳಿ: ತಳದ ಹಲಗೆ ಯಾವುದು, ಎಷ್ಟು ದಪ್ಪ? ಅಡಿಭಾಗಕ್ಕೆ ಏನಾದರೂ ಬಳಿದಿದ್ದೀರಾ? ಸ್ಟೀಲ್ ಸ್ಕೇಲ್ ಉದ್ದಕ್ಕೆ ಇಟ್ಟರೆ ನಡುವೆ ಎಷ್ಟು ಸಂದು? ಬ್ಲಾಕ್ ಸಾಲು ಎಷ್ಟುದ್ದ?

ಪಿಒಪಿ ಪಂಡಿತ
ಪುಡಿ ಹಳೆಯದಾಗಿ ತೇವ ಹಿಡಿದಿದ್ರೂ ಸರಿಯಾಗಿ ಗಟ್ಟಿಯಾಗಲ್ಲ. ಮೊದಲು ಚಿಕ್ಕ ಬಟ್ಟಲಲ್ಲಿ ಕಲಸಿ ನೋಡಿ, ಅರ್ಧ ಗಂಟೆಯಾದ್ರೂ ಉಗುರು ಇಳೀತಿದ್ರೆ ಎಸೀರಿ.

ತುಕ್ಕುಬಣ್ಣ
ತಳದ ವಿಷಯ ಆಮೇಲೆ. ಫೋಟೋದಲ್ಲಿ ಬೋಟ್‌ನ ಎರಡು ಬದಿಗೂ ಗೋಡೆಯಿಂದ ಆಸರೆ ಕಂಬ ಕೊಟ್ಟಿದ್ದೀರಲ್ಲ, ಅವು ಬದಿಗೆ ಉಬ್ಬಿರೋ ತೊಟ್ಟಿ, ಅಂದ್ರೆ ಸ್ಯಾಡಲ್ ಟ್ಯಾಂಕ್ ಮೇಲೆ ಎಲ್ಲೆಂದರಲ್ಲಿ ನಿಂತಿವೆ. ಅಲ್ಲಿ ಹೊರತಗಡು ತೆಳು. ಕಂಬ ಫ್ರೇಮ್ (ಒಳಗಿನ ಪಕ್ಕೆಲುಬು) ಇರುವ ಗೆರೆಗೇ ಬೀಳಬೇಕು, ಇಲ್ಲದಿದ್ರೆ ತಗಡು ಒಳಕ್ಕೆ ಹೋಗುತ್ತೆ. ನನ್ನ ಪ್ರಕಾರ ಕಂಬ ತೆಗೆದು ಬಿಲ್ಜ್ ಬ್ಲಾಕ್ (ಕೀಲ್‌ನ ಎರಡು ಬದಿಗೆ ಹೊಟ್ಟೆಯಡಿ ಇಡೋ ಆಸರೆ) ಕೊಡಿ.

ಸಂದುಗೊಂದಿ
ತಳ 10 ಮಿಮೀ ಎಕ್ಸ್‌ಪಿಎಸ್ ಫೋಮ್, 600 × 160. ಅಡಿಗೆ ಏನೂ ಬಳಿದಿಲ್ಲ, ಕಾಣಲ್ವಲ್ಲ. 600 ಸ್ಕೇಲ್ ಇಟ್ಟರೆ ನಡುವೆ 2 ಮಿಮೀ. ಬ್ಲಾಕ್ ಸಾಲು 320 ಮಿಮೀ. ಬೋಟ್ ಇಟ್ಟಾಗ ನಡುವಿನ ಬ್ಲಾಕ್ ಮೇಲೆ 80 ಜಿಎಸ್‌ಎಂ ಹಾಳೆ ಹತ್ತು ತೂರುತ್ತೆ. ಪ್ಲಾಸ್ಟರ್ ಅಂದ್ರೆ ಡಬ್ಬದಲ್ಲಿ ಬರೋ ರೆಡಿ ಅಕ್ರಿಲಿಕ್ ಪುಟ್ಟಿ, ಹಿಡಿತಕ್ಕೆ ಬಿಳಿ ಅಂಟು ಸೇರಿಸಿದ್ದೆ. ಮೂರು ಮಿಮೀ ದಪ್ಪ, ಒಂದೇ ಸಲಕ್ಕೆ.

ಮಿಲಿಮೀಟರ್
ಇದನ್ನ ಮೊದಲೇ ಹೇಳಬೇಕಿತ್ತು! ಇದು ಪ್ಲಾಸ್ಟರ್ರೇ ಅಲ್ಲ. ರೆಡಿ ಪುಟ್ಟಿ ನೀರು ಆರಿಸಿಕೊಂಡು ಗಟ್ಟಿಯಾಗೋದು, ನೀರು ಹೋದಷ್ಟೂ ಕುಗ್ಗುತ್ತೆ. ಬಿಳಿ ಅಂಟು ಸೇರಿಸಿದ್ರೆ ಇನ್ನೂ ಬಿಗಿಯಾಗಿ ಎಳೆಯುತ್ತೆ. ಒಂದೇ ಬದಿಗೆ 3 ಮಿಮೀ, ಅದೂ 10 ಮಿಮೀ ಫೋಮ್ ಮೇಲೆ. ಬಾಗದೆ ಇನ್ನೇನು?
ಆದ್ರೆ ಲೆಕ್ಕ ಪೂರ್ತಿ ಕೂಡ್ತಿಲ್ಲ. ಹಾಳೆ ಒಂದಕ್ಕೆ ಸುಮಾರು 0.1 ಮಿಮೀ, ಹತ್ತು ಅಂದ್ರೆ 1 ಮಿಮೀ. 600ರಲ್ಲಿ 2 ಮಿಮೀ ಬಾಗು ಇದ್ರೆ 320ರಲ್ಲಿ ಇರೋದು ಉದ್ದದ ವರ್ಗದ ಅನುಪಾತದಲ್ಲಿ, ಅಂದ್ರೆ 0.57. ಉಳಿದ 0.4 ಬೋಟ್‌ನದೇ. ಉದ್ದದ ಹಲ್‌ನ (ಬೋಟ್ ಒಡಲು) ಎರಡು ಹೋಳು ಅಂಟಿಸುವಾಗ ಟೇಪ್ ಬಿಗಿ ಹೆಚ್ಚುಕಮ್ಮಿ ಆದ್ರೆ ಬೆನ್ನು ಮೇಲೇಳುತ್ತೆ. ಗಾಜಿನ ಮೇಲೆ ಕೀಲ್ ಕೂರಿಸಿ, ನಡುವೆ ಹಾಳೆ ತೂರಿಸಿ ನೋಡಿ.

ಸಂದುಗೊಂದಿ
ಗಾಜಿನ ಮೇಲೆ ನಾಲ್ಕು ಹಾಳೆ ಹೋಯ್ತು. ಹಲ್ ಮುಚ್ಚಿ ಬಣ್ಣ ಆಗಿದೆ, ಬಿಚ್ಚಲ್ಲ.

ಪಿಒಪಿ ಪಂಡಿತ
ಪುಟ್ಟಿ ಅಂತ ಗೊತ್ತಿದ್ರೆ ನಾನೂ ಇದನ್ನೇ ಹೇಳ್ತಿದ್ದೆ. ಅಂದಹಾಗೆ ಡೆಂಟಲ್ ಪ್ಲಾಸ್ಟರ್ ಸಿಲಿಕಾನ್ ಅಚ್ಚಿಗೆ ಹುಯ್ದು ಗೋಡೆ ಕಲ್ಲುಗಳನ್ನ ತೆಗೆದ್ರೆ ಅಂಚು ಎಷ್ಟು ಚೂಪು ಬರುತ್ತೆ ನೋಡಿ. ನನ್ನ ಹತ್ರ ವೈಬ್ರೇಟರ್ ಮೇಜು, ವ್ಯಾಕ್ಯೂಮ್ ಡಬ್ಬ ಎರಡೂ ಇರೋದ್ರಿಂದ ಗುಳ್ಳೆಯ ಮಾತೇ ಇಲ್ಲ.

ಮಿಲಿಮೀಟರ್
ವ್ಯಾಕ್ಯೂಮ್ ಇಲ್ಲದವರಿಗೂ ಹೇಳೋಣ.
ತಳಕ್ಕೆ: ಗೋಡೆ ಅಂಟಿಸಿದ್ದೀರಾ, ಪಿನ್ ಮೇಲೆ ನಿಂತಿದೆಯಾ? ಪಿನ್ ಆದ್ರೆ ಬಿಡಿಸಿ, ಬಣ್ಣದ ಕೂಡುಗೆರೆಯನ್ನ ಮೊದಲು ಬ್ಲೇಡಿನಿಂದ ಕೊಯ್ದು. ಬ್ಲಾಕ್‌ಗಳನ್ನೂ ಎಬ್ಬಿಸಿ ಇಟ್ಟುಕೊಳ್ಳಿ. ತಳ ಮಗುಚಿ ಫೋಮ್‌ಗೆ ಅಡ್ಡವಾಗಿ 30 ಮಿಮೀಗೊಂದು ಗೀರು, 7 ಮಿಮೀ ಆಳ. ಚಾಕುವಿನ ಗೀರೇ ಸಾಕು. 2 ಮಿಮೀ ಬಾಗು ನೆಟ್ಟಗಾಗಲು ಅಡಿಭಾಗ ಇಡೀ ಉದ್ದಕ್ಕೂ ಸೇರಿ ಕಾಲು ಮಿಮೀ ಒತ್ತಿಕೊಂಡ್ರೆ ಆಯ್ತು. ನಂತರ 18 ಮಿಮೀ ಬ್ಲಾಕ್‌ಬೋರ್ಡ್ ಮರದ ಹಲಗೆಗೆ ನಿಧಾನ ಒಣಗುವ ಎಪಾಕ್ಸಿಯಿಂದ ಅಂಟಿಸಿ. ಮೇಲೆ ಮೇಣದ ಕಾಗದ, ಗಾಜು, ತೂಕ, ಒಂದು ರಾತ್ರಿ. ನೀರಿನ ಅಂಟು ಬೇಡ, ಫೋಮ್ ಅಡಿ ಆರೋದೇ ಇಲ್ಲ. ಸೂಪರ್ ಗ್ಲೂ ಅಂತೂ ಫೋಮ್ ತಿಂದುಬಿಡುತ್ತೆ. ಪುಟ್ಟಿಯಲ್ಲಿ ಸಣ್ಣ ಬಿರುಕು ಬರುತ್ತೆ, ಡಾಕ್ ಕಾಂಕ್ರೀಟ್‌ಗೆ ಚೆನ್ನಾಗೇ ಒಪ್ಪುತ್ತೆ.
ಹಲ್‌ಗೆ: ಬಿಡಿ. ನಿಜವಾದ ಬ್ಲಾಕ್ ಮೇಲೂ ಮೆತ್ತನೆ ಮರದ ಟೋಪಿ ಇರುತ್ತೆ. ನಡುವಿನ ಬ್ಲಾಕ್‌ಗಳ ಟೋಪಿಯಡಿ 0.25 ಜೊತೆ 0.13 ಪ್ಲಾಸ್ಟಿಕ್ ಹಾಳೆ, ತುದಿಯತ್ತ ಹೋದಂತೆ ಬರೀ 0.25, ಆಮೇಲೆ 0.13.

ಸಂದುಗೊಂದಿ
ಪಿನ್ ಮೇಲೇ ನಿಂತಿದೆ. ಮೊದಲೇ ಹೇಳ್ಬೇಕಿತ್ತಾ?

ಮಿಲಿಮೀಟರ್
🙏

ಕಾಂಕ್ರೀಟ್ ಕಾಕಾ
ಡಾಕ್ ತಳ ನಿಜದಲ್ಲೂ ಮಟ್ಟಸ ಇರಲ್ಲ, ನೀರು ಇಳಿಯಲು ಬದಿಯ ಚರಂಡಿಗೆ ಸಣ್ಣ ಇಳಿಜಾರು ಇರುತ್ತೆ. ಹಾಗೇ ಬಿಡಿ.

ಮಿಲಿಮೀಟರ್
ಕಾಕಾ, ಅದು ಅಡ್ಡಕ್ಕೆ. ಇವರದು ಉದ್ದಕ್ಕೆ ಬಾಗಿರೋದು. ತಳ ಹೇಗೇ ಇರಲಿ, ಡಾಕಿಂಗ್ ಪ್ಲಾನ್ (ಹಡಗನ್ನ ಬ್ಲಾಕ್ ಮೇಲೆ ಕೂರಿಸೋ ನಕ್ಷೆ) ಪ್ರಕಾರ ಬ್ಲಾಕ್ ನೆತ್ತಿ ಕೀಲ್‌ಗೆ ಹೊಂದಲೇಬೇಕು.

ಸಂದುಗೊಂದಿ
ತಳ ಅಂಟಿಸಿ ಆಯ್ತು, ಸ್ಕೇಲ್ ಅಡಿ ಈಗ ಒಂದೇ ಹಾಳೆ. ಟೋಪಿ ಕೆಲಸ ಉಳಿದಿದೆ. ಆಸರೆ ಕಂಬ ಇರಲಾ, ತೆಗೆಯಲಾ?

ಕಾಂಕ್ರೀಟ್ ಕಾಕಾ
ಇರಲಿ. ಹಳೆಯ ಕಲ್ಲಿನ ಡಾಕ್‌ಗಳಲ್ಲಿ ಗೋಡೆಗೆ ಮೆಟ್ಟಿಲು ಇರೋದೇ ಕಂಬದ ಬುಡ ಊರಲು.

ತುಕ್ಕುಬಣ್ಣ
ಅದು ನೇರ ಬದಿಯ ಹಡಗಿಗೆ ಸರಿ ಕಾಕಾ. ಉಬ್ಬಿದ ಸ್ಯಾಡಲ್ ಟ್ಯಾಂಕ್ ಮೇಲೆ ಕಂಬ ಜಾರುತ್ತೆ. ಬಿಲ್ಜ್ ಬ್ಲಾಕ್ ಇಟ್ಟು, ಪಕ್ಕದಲ್ಲಿ ಎಳೆಯುವ ಸರಪಳಿ ತೋರಿಸಿ. ಬೋಟ್ ಕೀಲ್ ಬ್ಲಾಕ್ ಮೇಲೆ ಕೂತ ಮೇಲೆ ಗೋಡೆ ಮೇಲಿಂದ ಸರಪಳಿ ಎಳೆದು ಅವನ್ನ ಒಳಕ್ಕೆ ಸರಿಸ್ತಾರೆ.

ಕಾಂಕ್ರೀಟ್ ಕಾಕಾ
ಫ್ರೇಮ್ ಗೆರೆಗೇ ಬೀಳಬೇಕು ಅಂತ ನೀವೇ ಹೇಳಿದ್ರಿ. ಗೆರೆಗೆ ಬಿದ್ರೆ ನಿಲ್ಲುತ್ತೆ ಅಂತ ತಾನೆ ಅದರರ್ಥ?

ತುಕ್ಕುಬಣ್ಣ
ನಿಲ್ಲೋದು ಬೇರೆ, ಜಾರೋದು ಬೇರೆ. ಕಂಬ ಬೇಕೇ ಬೇಕು ಅಂದ್ರೆ ಟ್ಯಾಂಕ್‌ಗಿಂತ ಮೇಲೆ, ಹಲ್ ನೆಟ್ಟಗೆ ಏರೋ ಕಡೆ ಕೊಡಿ, ತುದಿಗೆ ಬೆಣೆ ಇಟ್ಟು. ಸಂದುಗೊಂದಿ, ಮುಂದಿನಿಂದ ಒಂದು ಫೋಟೋ ಹಾಕಿ, ಕೋನ ನೋಡೋಣ.