ಬೊಲಿವಿಯಾದ ಅನಿಲ ರಾಷ್ಟ್ರೀಕರಣ: ಆರ್ಥಿಕವಾಗಿ ಫಲ ಕೊಟ್ಟಿತೇ?

ಪ್ರಶ್ನೆ:
2006ರ ಮೇ 1ರಂದು ಇವೊ ಮೊರಾಲೆಸ್ ಸರ್ಕಾರ ಬೊಲಿವಿಯಾದ ತೈಲ ಮತ್ತು ನೈಸರ್ಗಿಕ ಅನಿಲವನ್ನು ರಾಷ್ಟ್ರೀಕರಿಸಿತು. ವಿದೇಶಿ ಕಂಪನಿಗಳನ್ನು ಹೊರಗಟ್ಟದೆಯೇ ಇದು ಹೇಗೆ ಸಾಧ್ಯವಾಯಿತು, ಇದರಿಂದ ದೇಶಕ್ಕೆ ನಿಜಕ್ಕೂ ಲಾಭವಾಯಿತೇ ಎಂಬುದನ್ನು ಬಲ್ಲವರು ವಿವರಿಸಬೇಕೆಂದು ಕೋರುತ್ತೇನೆ.

ಉತ್ತರ 1:
ಅದನ್ನು ಸ್ವಾಧೀನ ಎನ್ನುವುದಕ್ಕಿಂತ ಒಪ್ಪಂದಗಳ ಮರುಚೌಕಾಸಿ ಎನ್ನುವುದೇ ಸರಿ. ಸೈನಿಕರು ಅನಿಲ ಕ್ಷೇತ್ರಗಳಲ್ಲಿ ನಿಂತ ಚಿತ್ರಗಳು ಜಗತ್ತಿನ ಗಮನ ಸೆಳೆದವು; ಆದರೆ ನಿಜವಾದ ಕೆಲಸ ನಡೆದದ್ದು ಹೊಸ ಒಪ್ಪಂದಕ್ಕೆ ಸಹಿ ಹಾಕಲು ಕಂಪನಿಗಳಿಗೆ ಕೊಟ್ಟ 180 ದಿನಗಳ ಗಡುವಿನಲ್ಲಿ. 2005ರ ಕಾನೂನು ಆಗಲೇ 18% ರಾಯಧನದ ಜೊತೆಗೆ 32% ತೆರಿಗೆ ವಿಧಿಸಿ, ಸರ್ಕಾರದ ಪಾಲನ್ನು ಉತ್ಪಾದನೆಯ ಅರ್ಧಕ್ಕೆ ಏರಿಸಿತ್ತು; ಅತಿದೊಡ್ಡ ಕ್ಷೇತ್ರಗಳಲ್ಲಿ ಆ 180 ದಿನಗಳ ಮಧ್ಯಂತರ ಅವಧಿಗೆ 2006ರ ಆದೇಶ ಅದನ್ನು 82%ಗೆ ಏರಿಸಿತು. ಬ್ರೆಜಿಲ್‌ಗೆ ಆ ಅನಿಲ ಬೇಕೇ ಬೇಕಿದ್ದುದರಿಂದ ಆ ದೇಶದ ಸರ್ಕಾರಿ ತೈಲ ಕಂಪನಿ ಪೆಟ್ರೋಬ್ರಾಸ್ ಗೊಣಗುತ್ತಲೇ ಬೊಲಿವಿಯಾದಲ್ಲಿ ಉಳಿಯಿತು.

ಉತ್ತರ 2:
ಬೆಲೆ ಏರಿದ್ದ ವರ್ಷಗಳಲ್ಲಿ ವೃದ್ಧರ ಪಿಂಚಣಿಗೂ ವಿದೇಶಿ ವಿನಿಮಯ ಮೀಸಲಿಗೂ ಹಣ ಹರಿದದ್ದು ನಿಜ. ಆದರೆ ಹಾಲು ಕರೆದವರು ಮೇವಿನ ಚಿಂತೆ ಮಾಡಲಿಲ್ಲ: ಹೊಸ ನಿಕ್ಷೇಪಗಳ ಶೋಧಕ್ಕೆ ಸಾಕಷ್ಟು ಬಂಡವಾಳ ಬರಲಿಲ್ಲ, 2014ರ ಸುಮಾರಿನಲ್ಲಿ ಶಿಖರ ಮುಟ್ಟಿದ್ದ ಉತ್ಪಾದನೆ ಬಳಿಕ ಕುಸಿಯಿತು, 2023ರ ಹೊತ್ತಿಗೆ ಡಾಲರ್ ಅಭಾವ ಎದುರಾಯಿತು.

ಉತ್ತರ 3:
ಲಾಭದ ಲೆಕ್ಕ ಹಾಕುವಾಗ ಸರ್ಕಾರದ ಬೊಕ್ಕಸಕ್ಕೆ ಹೊರೆಯಾದ ಇಂಧನ ಸಬ್ಸಿಡಿಯನ್ನು ಮರೆಯಬೇಡಿ. 2010ರ ಡಿಸೆಂಬರ್‌ನಲ್ಲಿ ಅದನ್ನು ಕಡಿತಗೊಳಿಸಿದ ಮೊರಾಲೆಸ್, ಬೀದಿಗಿಳಿದ ಜನರ ಆಕ್ರೋಶಕ್ಕೆ ಮಣಿದು ಒಂದೇ ವಾರದೊಳಗೆ ಆದೇಶವನ್ನು ಹಿಂಪಡೆದರು.